ಸಬ್‌ವೂಫರ್ ಕೊಳ್ಳುವ ಮುನ್ನ

ಮನೆಗಳಿಗೆ ಹೋಗಿ ಆಡಿಯೊ ಸಿಸ್ಟಮ್ ಜೋಡಿಸಿಕೊಡುವುದು ನನ್ನ ಕಸುಬು. "ಎಷ್ಟು ಇಂಚಿಂದು ತಗೊಳ್ಳಲಿ ಸರ್?" ಎಂದೇ ಎಲ್ಲರೂ ಶುರು ಮಾಡುತ್ತಾರೆ. ನಾನು ಕೇಳುವುದು ಬೇರೆ: ನಿಮ್ಮ ಹಾಲ್ ಎಷ್ಟು ಅಡಿ?

1. ಡಬ್ಬದ ಮೇಲಿನ ವಾಟ್ ನೋಡಿ ಮರುಳಾಗಬೇಡಿ. ಪಿಎಂಪಿಒ ಎಂದು ಸಾವಿರಗಟ್ಟಲೆ ಬರೆದಿದ್ದರೆ ಅದಕ್ಕೆ ಬೆಲೆಯೇ ಇಲ್ಲ. ಆರ್‌ಎಂಎಸ್ ಎಷ್ಟು ಎಂದು ಕೇಳಿ. ಅದರಲ್ಲೂ 100 ವಾಟ್ ಬಿಟ್ಟು 200ಕ್ಕೆ ಹೋದರೆ ಹೆಚ್ಚುವುದು ಬರೀ 3 ಡೆಸಿಬಲ್. ದುಡ್ಡು ದುಪ್ಪಟ್ಟಾದೀತು, ಸದ್ದು ಆಗುವುದಿಲ್ಲ.

2. ಎಷ್ಟು ಕೆಳಗೆ ಇಳಿಯುತ್ತದೆ ಎಂಬುದೇ ಮುಖ್ಯ. ಬೇಸ್ ಗಿಟಾರಿನ ದಪ್ಪ ತಂತಿ ಸುಮಾರು 41 ಹರ್ಟ್ಸ್. ಹಾಡು ಕೇಳುವವರಿಗೆ 35ರವರೆಗೆ ನೆಟ್ಟಗೆ ನುಡಿಯುವ ಸಬ್ ಧಾರಾಳವಾಯಿತು. ಸಿನಿಮಾದ ಸ್ಫೋಟ, ಗುಡುಗು ಬೇಕೆನ್ನುವವರು ಇನ್ನೂ ಕೆಳಕ್ಕೆ ಹೋಗಬೇಕು, ಅಲ್ಲೇ ಖರ್ಚು ಏರುವುದು. 40 ಹರ್ಟ್ಸ್‌ನಷ್ಟೇ ಜೋರಾಗಿ 20 ಕೇಳಿಸಬೇಕಾದರೆ ಕೋನ್ ಕನಿಷ್ಠ ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಅಂಗೈಯಗಲದ ಕೋನ್ ಇರುವ ಅಗ್ಗದ ಸಬ್ 20 ಹರ್ಟ್ಸ್ ಎಂದು ಹೇಳಿಕೊಂಡರೆ ನಂಬಬೇಡಿ. ಅಂಕಿಯ ಪಕ್ಕ ಪ್ಲಸ್-ಮೈನಸ್ 3 ಡೆಸಿಬಲ್ ಎಂದಿದೆಯೇ ನೋಡಿ.

3. ಮುಚ್ಚಿದ ಪೆಟ್ಟಿಗೆಯೋ, ಪೋರ್ಟ್ ಇರುವುದೋ? ಅದೇ ದುಡ್ಡಿಗೆ ಪೋರ್ಟ್‌ನದು ಹೆಚ್ಚು ಸದ್ದು ಕೊಡುತ್ತದೆ, ಆದರೆ ಗಾತ್ರ ದೊಡ್ಡದು. ಸಣ್ಣ ಹಾಲ್, ಮೃದಂಗ-ತಬಲ ಕೇಳುವ ಮನೆ ಎಂದರೆ ನಾನು ಮುಚ್ಚಿದ್ದನ್ನೇ ಹೇಳುತ್ತೇನೆ.

4. ಅರ್ಧ ಕೆಲಸ ಕೋಣೆಯದು. ಹಾಲ್ 12 ಅಡಿ ಉದ್ದವಿದ್ದರೆ ಸುಮಾರು 47 ಹರ್ಟ್ಸ್‌ನ ಅಲೆ ಎರಡು ಗೋಡೆಗಳ ನಡುವೆ ಸರಿಯಾಗಿ ಸಿಕ್ಕಿಕೊಳ್ಳುತ್ತದೆ. ಗೋಡೆಗೆ ಒರಗಿ ಕೂತವರಿಗೆ ಆ ಸ್ವರ ಗುಂಯ್ ಎನ್ನುತ್ತದೆ, ನಟ್ಟನಡುವೆ ಕೂತವರಿಗೆ ಸೊರಗುತ್ತದೆ. ಇದಕ್ಕೆ ಹಳೆಯ ಉಪಾಯವೊಂದಿದೆ. ಸಬ್ಬನ್ನು ಎತ್ತಿ ಸೋಫಾದ ಮೇಲೆ, ನೀವು ಕೂರುವ ಜಾಗದಲ್ಲೇ ಇಡಿ. ಬೇಸ್ ಇರುವ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿ, ಗೋಡೆಯುದ್ದಕ್ಕೂ ಅಂಬೆಗಾಲಿಡುತ್ತಾ ಕೇಳಿ. ಮಕ್ಕಳು ನಗುತ್ತಾರೆ, ನಗಲಿ. ಎಲ್ಲಿ ಪ್ರತಿ ಸ್ವರವೂ ಒಂದೇ ತೂಕದಲ್ಲಿ ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ಸುಣ್ಣದಕಡ್ಡಿಯಲ್ಲಿ ಗುರುತು ಹಾಕಿ. ಸಬ್ ನಿಲ್ಲಬೇಕಾದ್ದು ಅಲ್ಲಿಯೇ, ಟಿವಿ ಸ್ಟ್ಯಾಂಡಿನ ಪಕ್ಕ ಚೆನ್ನಾಗಿ ಕಾಣುತ್ತದೆ ಎಂದು ಅಲ್ಲಿಡುವುದಲ್ಲ. ಮನೆಮಂದಿಯೆಲ್ಲ ಕೂತು ನೋಡುವ ಹಾಲ್‌ಗೆ ಒಂದು ದೊಡ್ಡದರ ಬದಲು ಎರಡು ಚಿಕ್ಕವು ವಾಸಿ. ಸೀಟಿನಿಂದ ಸೀಟಿಗೆ ವ್ಯತ್ಯಾಸ ತಗ್ಗುತ್ತದೆ.

5. ರಿಸೀವರ್‌ನಲ್ಲಿ ಸ್ಪೀಕರುಗಳನ್ನು 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಟ್ಟು ಶುರು ಮಾಡಿ. ಸಬ್ಬಿನ ಮೈಮೇಲಿನ ಕ್ರಾಸ್‌ಓವರ್ ತಿರುಪನ್ನು ಗರಿಷ್ಠದ ತುದಿಗೆ ತಿರುಗಿಸಿಬಿಡಿ, ಎರಡು ಕಡೆ ಸೋಸುವುದು ಬೇಡ. ಫೇಸ್ ಸ್ವಿಚ್ಚನ್ನು 0, 180 ಎರಡರಲ್ಲೂ ಹಾಕಿ ನೋಡಿ, ಬೇಸ್ ತುಂಬಿ ಬರುವ ಕಡೆ ಬಿಡಿ. ಸಬ್ ಎಲ್ಲಿದೆ ಎಂದು ಕಣ್ಮುಚ್ಚಿ ಬೆರಳು ತೋರಿಸುವಂತಿದ್ದರೆ ವಾಲ್ಯೂಮ್ ಇಳಿಸಿ.

6. ಹಾಡಿಲ್ಲದಾಗಲೂ ಗುಂಗುಂ ಎನ್ನುತ್ತಿದೆಯೇ? ಕೆಟ್ಟಿದೆ ಎಂದು ವಾಪಸ್ ಹೊರಬೇಡಿ. ಮೊದಲು ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ಥಿಂಗ್ ತಕರಾರು. ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ಕತ್ತರಿಸುವ ಜಾಣತನವನ್ನು ಯಾರು ಹೇಳಿದರೂ ಮಾಡಬೇಡಿ. ಶಾಕ್ ಹೊಡೆದು ಜೀವಕ್ಕೇ ಕುತ್ತು ಬರಬಹುದು.

7. ಸೆಕೆಂಡ್‌ಹ್ಯಾಂಡ್ ಕೊಳ್ಳುವುದು ತಪ್ಪಲ್ಲ, ಒಳ್ಳೆಯ ಮಾಲು ಅರ್ಧ ಬೆಲೆಗೆ ಸಿಗುತ್ತದೆ. ಕೋನ್ ಸುತ್ತಲಿನ ಅಂಚನ್ನು ಮೆಲ್ಲಗೆ ಒತ್ತಿ. ಫೋಮ್ ಆಗಿದ್ದು ಪುಡಿ ಉದುರಿದರೆ ಬಿಟ್ಟುಬಿಡಿ, ರಬ್ಬರ್ ಆಗಿದ್ದರೆ ಬಾಳಿಕೆ ಬರುತ್ತದೆ.

8. ಫ್ಲ್ಯಾಟ್‌ನಲ್ಲಿರುವವರಿಗೆ: ಕೆಳಗಿಡುವ ರಬ್ಬರ್ ಪ್ಯಾಡ್ ನೆಲದ ನಡುಕ ತಗ್ಗಿಸುತ್ತದೆ, ಗೋಡೆ ದಾಟುವ ಬೇಸನ್ನಲ್ಲ. ರಾತ್ರಿ ಹತ್ತರ ಮೇಲೆ ಸಬ್ ಆಫ್ ಮಾಡಿ.

9. ಅಂಗಡಿಯ ಡೆಮೊ ರೂಮಿನಲ್ಲಿ ಕೇಳಿದ ಬೇಸ್ ನಿಮ್ಮ ಹಾಲ್‌ನಲ್ಲಿ ಹಾಗೆಯೇ ಕೇಳುವುದಿಲ್ಲ. ಮನೆಯಲ್ಲಿ ಹಾಕಿ ನೋಡಿ ಹಿಡಿಸದಿದ್ದರೆ ವಾಪಸ್ ತಗೊಳ್ಳುತ್ತೀರಾ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಹೂಂ ಅಂದರೆ ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.