ಮುತ್ತಜ್ಜನ ಮರಣ ದಾಖಲೆ ಎಲ್ಲಿ ಹುಡುಕಲಿ?

ನಿಮ್ಮ ಮುತ್ತಜ್ಜ 1918ರ ಇನ್‌ಫ್ಲುಯೆಂಜಾದಲ್ಲಿ ಮಂಗಳೂರಿನಲ್ಲಿ ತೀರಿಕೊಂಡರೆಂದು ಬರೆದಿದ್ದೀರಿ. ಮನೆಯವರ ಬಾಯಲ್ಲಿ ಉಳಿದ ವರ್ಷವನ್ನು ಪೂರ್ತಿ ನಂಬಬೇಡಿ. ಚರ್ಚಿನ ಮರಣದ ಪುಸ್ತಕದಲ್ಲಿ ಹಿಂದೆ ಮುಂದೆ ಐದೈದು ವರ್ಷ ಸೇರಿಸಿಯೇ ನೋಡಿ. ನಿಮ್ಮ ಈಗಿನ ಚರ್ಚು ಆಮೇಲೆ ಕಟ್ಟಿದ್ದಾದರೆ, ಅದು ಯಾವ ಹಳೆಯ ಧರ್ಮಕೇಂದ್ರದಿಂದ ಬೇರೆಯಾಯಿತೆಂದು ವಿಚಾರಿಸಿ. ಮರಣದ ಪುಸ್ತಕ ಅಲ್ಲಿರುತ್ತದೆ.

ಕಥೊಲಿಕ ಪುಸ್ತಕಗಳ ಬರಹ ಲ್ಯಾಟಿನ್‌ನಲ್ಲಿರಬಹುದು, ಹೆದರಬೇಡಿ. ಮನೆಯಲ್ಲಿ ಜುವಾಂವ್ ಆಗಿದ್ದವರು ಅಲ್ಲಿ ಯೊವಾನ್ನೆಸ್ ಆಗಿರುತ್ತಾರೆ. ಸತ್ತ ದಿನ, ಮಣ್ಣು ಮಾಡಿದ ದಿನ ಎರಡನ್ನೂ ಬರೆದಿದ್ದರೆ ಎರಡನ್ನೂ ಗುರುತು ಹಾಕಿಕೊಳ್ಳಿ. ವಯಸ್ಸು ಬಹುತೇಕ ಅಂದಾಜಿನದು. ಅದು ಹೊಂದಲಿಲ್ಲವೆಂದು ನಮೂದನ್ನು ಬಿಟ್ಟುಬಿಡಬೇಡಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ಕು ಜನ ಇರುವುದು ಸಾಮಾನ್ಯ. ತಂದೆ, ಹೆಂಡತಿ, ವಾಡೊ (ಕೇರಿ) ಇವುಗಳಲ್ಲಿ ಎರಡಾದರೂ ಹೊಂದಿದರೆ ಮಾತ್ರ ನಿಮ್ಮವರೆಂದು ಒಪ್ಪಿಕೊಳ್ಳಿ.

ತಾಯಿಯ ಕಡೆಯವರು ಪ್ರೊಟೆಸ್ಟೆಂಟರು ಎಂದಿದ್ದೀರಿ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಸಭೆಯ ಪುಸ್ತಕಗಳ ಜೊತೆಗೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹವನ್ನೂ ಕೇಳಿ. ಕಥೊಲಿಕ ಶಾಖೆಯಲ್ಲಿ 1784ಕ್ಕಿಂತ ಹಿಂದೆ ಹೋಗುವ ಆಸೆ ಸದ್ಯಕ್ಕೆ ಬೇಡ. ಆ ವರ್ಷ ಟಿಪ್ಪು ಇಲ್ಲಿನ ಕಥೊಲಿಕರನ್ನು ಸೆರೆಹಿಡಿದಾಗ ಚರ್ಚುಗಳೇ ನೆಲಸಮವಾಗಿದ್ದವು.

ಚರ್ಚಿನ ವಿಗಾರರಿಗೆ ಮೊದಲು ಪತ್ರ ಬರೆಯಿರಿ. ಭಾನುವಾರ, ಹಬ್ಬದ ದಿನ ಹೋಗಬೇಡಿ. ಅನುಮತಿ ಸಿಕ್ಕರೆ ಇಡೀ ಪುಟದ ಫೋಟೊ ತೆಗೆಯಿರಿ: ಅದೇ ವಾರ ಅದೇ ಮನೆಯ ಮಗುವೊಂದರ ಹೆಸರೂ ಅಲ್ಲಿ ಇದ್ದೀತು.