ಮೊಲೆ ಸೀಳಿದಾಗ ಮೊದಲು ನೋಡಬೇಕಾದ್ದು ಗಡಿಯಾರ

ಮಿಶ್ರತಳಿ ಹಸುಗಳ ಕೆಚ್ಚಲು ದೊಡ್ಡದು, ನೆಲಕ್ಕೆ ಹತ್ತಿರ. ಹಸು ಏಳುವಾಗ ತನ್ನದೇ ಗೊರಸು ಮೊಲೆಯ ಮೇಲೆ ಬೀಳಬಹುದು, ಪಕ್ಕದ ಹಸು ತುಳಿಯಬಹುದು, ಮುಳ್ಳುತಂತಿ ಬೇಲಿ ದಾಟುವಾಗ ಸೀಳಬಹುದು. ಇಂಥ ಗಾಯ ಕಂಡ ಕೂಡಲೇ ಅರಿಸಿನಕ್ಕೋ ಕಾಫಿ ಪುಡಿಗೋ ಕೈ ಹಾಕುವವರೇ ಹೆಚ್ಚು. ರಕ್ತವೇನೋ ನಿಲ್ಲುತ್ತದೆ. ಆದರೆ ಆ ಪುಡಿ ಗಾಯದೊಳಗೆ ಗಟ್ಟಿಯಾಗಿ ಕೂತು, ವೈದ್ಯರು ಬಂದಾಗ ಅದನ್ನು ಕೆರೆದು ತೆಗೆಯುವುದೇ ಅರ್ಧ ಕೆಲಸವಾಗುತ್ತದೆ.

ಮೊಲೆಯ ಗಾಯದಲ್ಲಿ ಮುಖ್ಯವಾದದ್ದು ಸಮಯ. ಗಾಯವಾದ 6ರಿಂದ 8 ಗಂಟೆಯೊಳಗೆ ಹೊಲಿಗೆ ಬಿದ್ದರೆ ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತದೆ. 12 ಗಂಟೆ ದಾಟಿದರೆ ಬಾವು ಬಂದಿರುತ್ತದೆ, ರೋಗಾಣು ಬೆಳೆದಿರುತ್ತದೆ, ಹಾಕಿದ ದಾರ ಮೆತ್ತಗಾದ ಚರ್ಮವನ್ನು ಕತ್ತರಿಸಿಕೊಂಡು ಹೊರಬರುತ್ತದೆ. ಆಗ ವೈದ್ಯರು ಹೊಲಿಯದೆ ಚಿಕಿತ್ಸೆ ಕೊಟ್ಟು, ಹಸು ಹಾಲು ಬತ್ತಿಸಿದ ಮೇಲೆ ಸರಿಪಡಿಸೋಣ ಎನ್ನಬಹುದು. ಅದು ಉದಾಸೀನವಲ್ಲ. ಹಾಲು ಸೋರುತ್ತಿರುವ ತೂತು ಮುಚ್ಚಿಕೊಳ್ಳುವುದು ಕಷ್ಟ.

ಅದಕ್ಕೇ ಮೊದಲು ಗಾಯವಾದ ಹೊತ್ತು ಗುರುತಿಟ್ಟುಕೊಳ್ಳಿ, ಪಶುವೈದ್ಯರಿಗೆ ಅಥವಾ 1962ಕ್ಕೆ ಫೋನ್ ಮಾಡಿ. ಅವರು ಬರುವವರೆಗೆ ಶುದ್ಧವಾದ ಒದ್ದೆ ಬಟ್ಟೆಯನ್ನು ಗಾಯದ ಮೇಲೆ ಐದು ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಚಹಾ ಚಮಚ, ಬೆರೆಸಿ ಮಣ್ಣು ಸಗಣಿ ಹೋಗುವಂತೆ ತೊಳೆಯಿರಿ. ನೇತಾಡುವ ಚರ್ಮವನ್ನು ಕತ್ತರಿಸಲೇಬೇಡಿ, ಗಾಯ ಮುಚ್ಚಲು ಬೇಕಾದ ಚರ್ಮ ಅದೇ. ಒದ್ದೆ ಬಟ್ಟೆ ಸುತ್ತಿಟ್ಟರೆ ಅದು ಒಣಗುವುದಿಲ್ಲ. ಆ ಮೊಲೆಯನ್ನು ಕೈಯಿಂದ ಹಿಂಡಬೇಡಿ, ಕರು ಬಿಡಬೇಡಿ. ಹಾಲು ಇಳಿಯಲೆಂದು ಬೇವಿನ ಕಡ್ಡಿ ತೂರಿಸುವ ರೂಢಿ ಕೆಲವೆಡೆ ಇನ್ನೂ ಇದೆ. ಗಾಯಕ್ಕಿಂತ ಆ ಕಡ್ಡಿಯಿಂದಲೇ ಕೆಚ್ಚಲು ಬಾವು ಬರುವುದುಂಟು.

ಎಲ್ಲ ಸೀಳೂ ಒಂದೇ ಅಲ್ಲ. ರಕ್ತನಾಳಗಳು ಮೇಲಿನಿಂದ ಕೆಳಕ್ಕೆ ಹರಿಯುವುದರಿಂದ ಉದ್ದುದ್ದ ಸೀಳಿದ್ದು ಬೇಗ ಕೂಡುತ್ತದೆ, ಅಡ್ಡ ಹರಿದದ್ದು ನಿಧಾನ. ಬುಡ ಕೆಚ್ಚಲಿನ ಕಡೆಗಿದ್ದು ತುದಿ ಕೆಳಗೆ ನೇತಾಡುವ ಚರ್ಮ ಬದುಕುತ್ತದೆ, ತಿರುಗುಮುರುಗಾದರೆ ಸಾಯುವುದೇ ಹೆಚ್ಚು. ಗಾಯದಿಂದ ಹಾಲು ಬರುತ್ತಿದ್ದರೆ ಒಳಪದರವೂ ಹರಿದಿದೆ ಎಂದರ್ಥ. ಅದನ್ನು ವೈದ್ಯರಿಗೆ ಫೋನಿನಲ್ಲೇ ಹೇಳಿ. ಅಂಥ ಗಾಯವನ್ನು ಮರಗಟ್ಟಿಸಿ ಒಳಪದರ, ನಡುಪದರ, ಚರ್ಮ ಹೀಗೆ ಬೇರೆಬೇರೆಯಾಗಿ ಹೊಲಿಯುತ್ತಾರೆ. ಮೇಲಿನ ಚರ್ಮವೊಂದನ್ನೇ ಹೊಲಿದರೆ ಒಳಗಿನ ಹಾಲಿನ ಒತ್ತಡಕ್ಕೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಹಾಲನ್ನು ವೈದ್ಯರು ಹೇಳಿದಂತೆ ಶುದ್ಧ ನಳಿಕೆಯಿಂದಲೇ ಇಳಿಸಬೇಕು. ಹೊಲಿಗೆ ತೆಗೆಯುವುದು 10ರಿಂದ 14 ದಿನಕ್ಕೆ. ಅಷ್ಟೂ ದಿನ ನೆಲ ಒಣಗಿರಲಿ, ನೊಣ ಕೂರದಿರಲಿ.

ಮನೆಯ ನಾಯಿಗೆ ಗಾಯವಾದಾಗ ಪಕ್ಕದ ಚರ್ಮವನ್ನೇ ಎಳೆದು ಮುಚ್ಚಿದ್ದನ್ನು ನೋಡಿ, ಹಸುವಿನ ಕಾಲಿಗೂ ಹಾಗೇ ಮಾಡಿ ಎಂದು ಕೇಳುವವರಿದ್ದಾರೆ. ನಾಯಿಯ ಮೈಚರ್ಮ ಸಡಿಲ, ಎಳೆದರೆ ಬರುತ್ತದೆ. ಹಸುವಿನ ಮೊಣಕಾಲ ಕೆಳಗೆ ಚರ್ಮ ಬಿಗಿ. ಅಲ್ಲಿನ ದೊಡ್ಡ ಗಾಯವನ್ನು ಹಲವು ಸಲ ತೆರೆದೇ ಬಿಟ್ಟು ಕಟ್ಟು ಬದಲಿಸುತ್ತಾ ಮಾಂಸ ತುಂಬಿಸಿಕೊಳ್ಳಬೇಕಾಗುತ್ತದೆ.

ಬೀದಿನಾಯಿ ಕಚ್ಚಿದ ಗಾಯದ ಮಾತು ಬೇರೆ. ಕೈಗವಸು ಹಾಕಿಕೊಂಡು, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದಕ್ಕೆ ಸಾಮಾನ್ಯವಾಗಿ ಕೂಡಲೇ ಹೊಲಿಗೆ ಹಾಕುವುದಿಲ್ಲ. ಹುಚ್ಚುನಾಯಿ ರೋಗದ ಲಸಿಕೆಯನ್ನು ಅಂದೇ ಶುರುಮಾಡಿಸಿ, ವೈದ್ಯರು ಹೇಳಿದ ಅಷ್ಟೂ ಸರದಿ ಮುಗಿಸಿ. ಒಂದೆರಡಕ್ಕೆ ನಿಲ್ಲಿಸಿದರೆ ಪ್ರಯೋಜನವಿಲ್ಲ.

ಇನ್ನು ಹಾಲಿನ ವಿಚಾರ. ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಗಾಯವಾದ ಮೊಲೆಯದು ಮಾತ್ರವಲ್ಲ, ನಾಲ್ಕೂ ಮೊಲೆಯ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ. ಎಷ್ಟು ದಿನ ಎಂಬುದು ಔಷಧದ ಮೇಲಿರುತ್ತದೆ, ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ಕಾಯಿಸಿದರೆ ಔಷಧದ ಅಂಶ ಹೋಗುತ್ತದೆಂಬುದು ನಂಬುವ ಮಾತಲ್ಲ. ಒಂದು ಹಸುವಿನ ಅಂಥ ಹಾಲು ಬೆರೆತರೂ ಇಡೀ ಕ್ಯಾನಿನ ಹಾಲು ಕೆಡುತ್ತದೆ, ಅದರಲ್ಲಿ ಮೊಸರು ಸರಿಯಾಗಿ ಹೆಪ್ಪುಗಟ್ಟದೆ ಹೋಗಬಹುದು.