ಬೆಕ್ಕಿನ ಊಟವೂ ಪ್ರಾಣಿಜನ್ಯ ಉಳಿಕೆಗಳೂ

ಕಸಾಯಿಖಾನೆಯಲ್ಲಿ ವಧೆಯಾದ ಪ್ರಾಣಿಯ ದೇಹವೆಲ್ಲವೂ ಮನುಷ್ಯನ ತಟ್ಟೆಗೆ ಬರುವುದಿಲ್ಲ. ಶ್ವಾಸಕೋಶ, ರಕ್ತ, ಮೂಳೆ ಮೊದಲಾದುವು ಬಹುಪಾಲು ಉಳಿದುಬಿಡುತ್ತವೆ. ಈ ಉಳಿಕೆಯನ್ನು ಬೇಯಿಸಿ, ಕೊಬ್ಬನ್ನು ಬೇರ್ಪಡಿಸಿ, ಮಿಕ್ಕುದನ್ನು ಒಣಗಿಸಿ ಬೀಸಿದರೆ ಮಾಂಸ-ಮೂಳೆಗಳ ಹಿಟ್ಟು ದೊರೆಯುತ್ತದೆ. ಪ್ರೋಟೀನು ತುಂಬಿದ ಇಂಥ ಪದಾರ್ಥಗಳು ನಾಯಿ ಬೆಕ್ಕುಗಳ ಆಹಾರದಲ್ಲಿ ಸೇರುವುದುಂಟು. ಇದರಲ್ಲಿ ಹೇಸುವುದಕ್ಕೇನೂ ಇಲ್ಲ. ತೋಳವು ತನ್ನ ಬೇಟೆಯ ಯಕೃತ್ತು ಶ್ವಾಸಕೋಶಗಳನ್ನು ಆಸೆಯಿಂದಲೇ ತಿನ್ನುತ್ತದೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಚೆನ್ನಾಗಿ ಬೇಯಿಸಿದ ಮಾತ್ರಕ್ಕೆ ಎಂತಹ ಉಳಿಕೆಯಾದರೂ ನಿರಪಾಯವಾಗುವುದೆ?

ಬ್ರಿಟನ್ನಿನಲ್ಲಿ 1986ರಲ್ಲಿ ದನಗಳ ಹೊಸ ರೋಗವೊಂದನ್ನು ಗುರುತಿಸಿದರು. ಮಿದುಳು ಸ್ಪಂಜಿನಂತೆ ತೂತುಬಿದ್ದು ದನವು ತಡವರಿಸಿ ಬೀಳುತ್ತಿತ್ತು. ದನಗಳಿಗೆ ತಿನ್ನಿಸಿದ ಮಾಂಸ-ಮೂಳೆಗಳ ಹಿಟ್ಟೇ ರೋಗವನ್ನು ಹರಡಿತೆಂದು ತಿಳಿದುಬಂದುದರಿಂದ, 1988ರಲ್ಲಿ ಮೆಲುಕು ಹಾಕುವ ಪ್ರಾಣಿಗಳಿಗೆ ಅದನ್ನು ನಿಷೇಧಿಸಿದರು. 1989ರಲ್ಲಿ ದನದ ಮಿದುಳು, ಬೆನ್ನುಹುರಿ ಮೊದಲಾದುವನ್ನು ಮನುಷ್ಯರ ಆಹಾರದಿಂದಲೂ ತೆಗೆದರು. ಸಾಕುಪ್ರಾಣಿಗಳ ಆಹಾರಕ್ಕೆ ಮಾತ್ರ ಕಾನೂನಿನ ಇಂಥ ಕಟ್ಟಿರಲಿಲ್ಲ. 1990ರ ಮೇ ತಿಂಗಳಿನಲ್ಲಿ ಬ್ರಿಸ್ಟಲ್ ನಗರದ ಸಾಕುಬೆಕ್ಕೊಂದು ಇಂಥದೇ ರೋಗದಿಂದ ಸತ್ತುದು ಪ್ರಕಟವಾಯಿತು. ದನದಿಂದ ಬೆಕ್ಕಿಗೆ ಬಂದುದು ಮನುಷ್ಯನಿಗೆ ಬಾರದೆ? ಜನರ ಈ ಭಯ ಸುಳ್ಳಾಗಲಿಲ್ಲ. 1996ರಲ್ಲಿ ಮನುಷ್ಯರಲ್ಲಿಯೂ ಅದರ ರೂಪವೊಂದು ಕಂಡುಬಂದಿತು. ಅಷ್ಟರೊಳಗೆ, 1990ರ ಸೆಪ್ಟೆಂಬರಿನಲ್ಲಿಯೇ, ಆ ಅಂಗಗಳನ್ನು ಎಲ್ಲ ಪ್ರಾಣಿಪಕ್ಷಿಗಳ ಆಹಾರದಿಂದಲೂ ಬಹಿಷ್ಕರಿಸಲಾಗಿತ್ತು.

ಬೇಯಿಸಿದರೂ ರೋಗ ಉಳಿದುದು ಹೇಗೆ? ರೋಗಾಣುಗಳನ್ನು ಶಾಖವು ಕೊಲ್ಲುತ್ತದೆ. ಇಲ್ಲಿಯ ಅಪರಾಧಿ ಜೀವಿಯೇ ಅಲ್ಲ. ತಪ್ಪಾಗಿ ಮಡಿಚಿಕೊಂಡ ಒಂದು ಪ್ರೋಟೀನು. ಅದು ತನ್ನ ನೆರೆಯ ಪ್ರೋಟೀನುಗಳನ್ನೂ ತನ್ನಂತೆಯೇ ಮಡಿಚಿಬಿಡುತ್ತದೆ. 1982ರಲ್ಲಿ ಇದಕ್ಕೆ 'ಪ್ರಿಯಾನ್' ಎಂದು ಹೆಸರಿಟ್ಟ ಅಮೆರಿಕದ ಸ್ಟಾನ್ಲಿ ಪ್ರೂಸಿನರ್ ಅವರಿಗೆ 1997ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಆದುದರಿಂದ ಐರೋಪ್ಯ ಒಕ್ಕೂಟದ 2009ರ ಕಾನೂನು ಒಲೆಗಿಂತ ಮೊದಲು ಮೂಲವನ್ನು ವಿಚಾರಿಸುತ್ತದೆ. ಉಳಿಕೆಗಳಲ್ಲಿ ಮೂರು ವರ್ಗ. ಪ್ರಿಯಾನಿನ ಶಂಕೆಯುಳ್ಳವು ಮೊದಲನೆಯವು; ಇವುಗಳ ಸಾಮಾನ್ಯ ಗತಿ ಬೆಂಕಿ. ಸಗಣಿ, ರೋಗದಿಂದ ಸತ್ತ ಪ್ರಾಣಿಗಳಂಥವು ಎರಡನೆಯವು. ಪಶುವೈದ್ಯರ ಪರೀಕ್ಷೆಯಲ್ಲಿ ಮನುಷ್ಯರ ಆಹಾರಕ್ಕೆ ಯೋಗ್ಯವೆನಿಸಿಯೂ ಕೊಳ್ಳುವವರಿಲ್ಲದೆ ಉಳಿದ ಭಾಗಗಳು ಮೂರನೆಯ ವರ್ಗದಲ್ಲಿ ಮುಖ್ಯವಾದುವು. ಬೆಕ್ಕಿನ ತಟ್ಟೆಗೆ ಸಲ್ಲತಕ್ಕವು ಇವು.

ಕಾನೂನು ಹೇಳುವ ಸಂಸ್ಕರಣ ವಿಧಾನಗಳಲ್ಲಿ ಕಠಿಣವಾದ ಒಂದರಲ್ಲಿ, 50 ಮಿಲಿಮೀಟರಿಗೆ ಮೀರದ ತುಂಡುಗಳನ್ನು 3 ಬಾರ್ ಒತ್ತಡದ ಹಬೆಯಲ್ಲಿ 133 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ 20 ನಿಮಿಷ ಇಡುತ್ತಾರೆ. ತೆರೆದ ಪಾತ್ರೆಯ ನೀರು 100 ಡಿಗ್ರಿಯನ್ನು ದಾಟದೆಂಬುದು ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಇಲ್ಲಿಯದು ಅಡಿಗೆಮನೆಯ ಕುಕ್ಕರಿನ ತತ್ತ್ವ. ಇಷ್ಟಾದರೂ ಪ್ರಿಯಾನು ಪೂರ್ತಿಯಾಗಿ ಅಳಿಯುವುದೆಂಬ ಭರವಸೆಯಿಲ್ಲ. ರೋಗಾಣುಗಳ ಮಾತು ಬೇರೆ. ಅವು ಉಳಿದಿಲ್ಲವೆಂದು ಖಾತರಿಪಡಿಸಿಕೊಳ್ಳಲು, ಡಬ್ಬಿಯಲ್ಲಿ ಮುಚ್ಚಿ ಬೇಯಿಸದ ಆಹಾರದ ಐದು ಮಾದರಿಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಯಾವುದರ 25 ಗ್ರಾಮಿನಲ್ಲಿಯೂ ಸಾಲ್ಮೊನೆಲ್ಲಾ ಇರಕೂಡದು.